ಗಂಟು ಹಾಕದ ಮೊಲ

ಬಹಳ ಬಹಳ ಕಾಲದ ಹಿಂದೆ, ಮನುಷ್ಯರಿಗಿಂತ ಕುರಿಗಳೇ ಹೆಚ್ಚಿದ್ದ ಕಾಲದಲ್ಲಿ, ತುಪ್ಪಳದುರ್ಗ ಎಂಬ ಒಂದು ರಾಜ್ಯವಿತ್ತು. ಅಲ್ಲಿಯ ಅರಸನಿಗೆ ಕಿರೀಟಕ್ಕಿಂತ ಕಂಬಳಿಯ ಮೇಲೆ ಪ್ರೀತಿ. ಅಲ್ಲಿಯ ಜನರಿಗೆ ಬಂಗಾರಕ್ಕಿಂತ ಉಣ್ಣೆಯ ಮೇಲೆ ಪ್ರೀತಿ. ಹುಟ್ಟಿದ ಕೂಸನ್ನು ಉಣ್ಣೆಯಲ್ಲಿ ಸುತ್ತಿ ಎತ್ತಿಕೊಳ್ಳುತ್ತಿದ್ದರು, ಸತ್ತವರಿಗೆ ಉಣ್ಣೆ ಹೊದಿಸಿ ಕಳಿಸಿಕೊಡುತ್ತಿದ್ದರು. ನಡುವೆ ಬದುಕಿದ್ದಷ್ಟು ದಿನ ಮೆತ್ತಗೆ ಮಾತಾಡಿ, ಮೆತ್ತಗೆ ಉಂಡು, ಮೆತ್ತಗೆ ಮಲಗುತ್ತಿದ್ದರು.

ಆ ರಾಜ್ಯದ ಗಡಿಯಲ್ಲಿ ಒಂದು ಬೋಳು ಬೆಟ್ಟ. ಬೆಟ್ಟದ ತುದಿಯಲ್ಲಿ ಕಗ್ಗಲ್ಲಯ್ಯ ಎಂಬ ಮಾಂತ್ರಿಕ. ಕಲ್ಲಿನ ಮೇಲೆ ಕೂತು, ಕಲ್ಲಿನ ಮೇಲೆ ಉಂಡು, ಕಲ್ಲಿನ ಮೇಲೆ ಮಲಗಿ ಅವನೂ ಹೆಚ್ಚು ಕಡಿಮೆ ಕಲ್ಲೇ ಆಗಿದ್ದ. ಒಮ್ಮೆ ಅರಸನ ಮಗನ ನಾಮಕರಣಕ್ಕೆ ಅವನನ್ನೂ ಕರೆದರು. ಕರೆದದ್ದು ತಪ್ಪಲ್ಲ, ಕೂರಿಸಿದ್ದು ತಪ್ಪಾಯಿತು. ಮರ್ಯಾದೆಗೆಂದು ಎತ್ತರದ ಗಾದಿಯ ಮೇಲೆ ಕೂರಿಸಿದರು. ಜನ್ಮದಲ್ಲಿ ಮೆತ್ತನೆಯದರ ಮೇಲೆ ಕೂತು ಗೊತ್ತಿಲ್ಲದ ಕಗ್ಗಲ್ಲಯ್ಯ ಆ ಕಡೆ ವಾಲಿದ, ಈ ಕಡೆ ವಾಲಿದ, ಕೊನೆಗೆ ಪಕ್ಕದಲ್ಲಿದ್ದ ಪಾಯಸದ ಕೊಪ್ಪರಿಗೆಯೊಳಕ್ಕೆ ಉರುಳಿದ. ಇಡೀ ಸಭೆ ನಕ್ಕಿತು. ತೊಟ್ಟಿಲಲ್ಲಿದ್ದ ಕೂಸು ಕೂಡ ನಕ್ಕಿತು ಎನ್ನುತ್ತಾರೆ.

ಕಗ್ಗಲ್ಲಯ್ಯನ ಕೋಪ ನೆತ್ತಿಗೇರಿತು. ಗಡ್ಡದಿಂದ ಪಾಯಸ ತೊಟ್ಟಿಕ್ಕುತ್ತಿರುವಾಗಲೇ ಎರಡೂ ಕೈ ಎತ್ತಿ ಶಾಪ ಹಾಕಿದ.

"ಮೆತ್ತಗಿದ್ದೀರಿ ಅಂತ ತಾನೆ ಈ ಕೊಬ್ಬು? ಇವತ್ತಿನಿಂದ ಈ ರಾಜ್ಯದಲ್ಲಿ ಮಾಡಿ ಮುಗಿಸಿದ ಮೆತ್ತನೆಯದೆಲ್ಲ ಕಲ್ಲಾಗಲಿ."

ಶಾಪಕ್ಕೊಂದು ಬಿಡುಗಡೆಯ ಮಾತು ಇರಲೇಬೇಕೆಂಬುದು ಮಾಂತ್ರಿಕರ ಕಟ್ಟಳೆ. ಅದಕ್ಕೆ ಅವನು ಒಲ್ಲದ ಮನಸ್ಸಿನಿಂದ ಸೇರಿಸಿದ: "ನಾನಾಗಿ ಹಿಂದಕ್ಕೆ ತಗೋಬೇಕು. ಇಲ್ಲವೇ, ಒಂದು ಮಗು ಮೆತ್ತನೆಯದನ್ನ ಅಪ್ಪಿಕೊಂಡು ಕಣ್ತುಂಬ ನಿದ್ದೆ ಮಾಡಬೇಕು. ಅಲ್ಲೀತನಕ ನನ್ನ ಮಾತು ನಿಲ್ಲಲಿ."

ಅವನ ಮಾತಿನಂತೆಯೇ ಆಯಿತು. ದಿಂಬು ಗುಂಡುಕಲ್ಲಾಯಿತು, ಗಾದಿ ಚಪ್ಪಡಿಯಾಯಿತು, ಕಂಬಳಿ ಹೊದ್ದರೆ ಹೆಂಚು ಹೊದ್ದಂತಾಯಿತು. ಕುರಿಯ ಮೈಮೇಲಿದ್ದಾಗ ಮೆತ್ತಗಿದ್ದ ಉಣ್ಣೆ ಕತ್ತರಿಸಿ ಬುಟ್ಟಿಗೆ ಹಾಕಿದ ಕೂಡಲೇ ಜಲ್ಲಿಯಾಯಿತು. ಇಡ್ಲಿಯನ್ನು ಒನಕೆಯಿಂದ ಕುಟ್ಟಬೇಕಾಯಿತು. ಕೆಲವು ಅತ್ತೆಯರು ಮಾತ್ರ, "ನಮ್ಮ ಸೊಸೆ ಇಡ್ಲಿ ಮೊದಲಿಂದಲೂ ಹಿಂಗೇಯ" ಎಂದರಂತೆ. ಆದರೆ ನಗುವ ಹೊತ್ತು ಬಹಳ ಉಳಿಯಲಿಲ್ಲ. ಕಲ್ಲಿನ ಮೇಲೆ ಮಲಗಿದವರ ಮೈಯೂ ನಿಧಾನವಾಗಿ ಕಲ್ಲಾಗತೊಡಗಿತು. ದೊಡ್ಡವರ ಮೈ ಒರಟು, ಅದು ತಡೆಯಿತು. ಎಳೆಯ ಮಕ್ಕಳ ಮೈ ತಡೆಯಲಿಲ್ಲ. ಮೊದಲು ಅಂಗಾಲು, ಆಮೇಲೆ ಮೊಣಕಾಲು, ಆಮೇಲೆ ಸೊಂಟ. ಕೊರಳು ದಾಟಿದರೆ ಮಗು ಹೋಯಿತೆಂದೇ ಲೆಕ್ಕ.

ಆ ರಾಜ್ಯದ ಕೋಟೆಯ ಕೆಳಗಿನ ಓಣಿಯಲ್ಲಿ ದೇವೀರಿ ಎಂಬ ಹುಡುಗಿಯಿದ್ದಳು. ಅಕ್ಕ ಹೊನ್ನಾಜಿಯ ಮನೆಯಲ್ಲಿ ವಾಸ. ಭಾವ ಕುರಿ ಹೊಡೆದುಕೊಂಡು ದೂರದ ಹುಲ್ಲುಗಾವಲಿಗೆ ಹೋಗಿದ್ದ. ಮನೆಯಲ್ಲಿ ಅಕ್ಕ, ತಂಗಿ, ಅಕ್ಕನ ಪುಟ್ಟ ಮಗಳು ಚೆಲುವಿ, ಇಷ್ಟೇ ಜನ. ದೇವೀರಿಯ ಕೈಯಲ್ಲಿ ಯಾವಾಗಲೂ ಒಂದು ಕೊಕ್ಕೆಕಡ್ಡಿ ಇರುತ್ತಿತ್ತು. ಟಗರಿನ ಕೊಂಬಿನಿಂದ ಮಾಡಿದ ಗೇಣುದ್ದದ ಕಡ್ಡಿ, ತುದಿಯಲ್ಲಿ ಸಣ್ಣದೊಂದು ಕೊಕ್ಕೆ. ಅದರಿಂದ ಕುಣಿಕೆಯೊಳಗೆ ಕುಣಿಕೆ ಎಳೆದು ಹೆಣೆಯುವುದು ಆ ನಾಡಿನ ಹೆಂಗಸರಿಗೆ ಉಸಿರಾಡಿದಷ್ಟು ಸಲೀಸು.

ದೇವೀರಿಯ ಕೈ ಚೊಕ್ಕಟ, ಗುಣ ಮಾತ್ರ ವಿಚಿತ್ರ. ಅವಳು ಯಾವುದನ್ನೂ ಮುಗಿಸುತ್ತಿರಲಿಲ್ಲ. ಶಾಲು ಇನ್ನೇನು ಮುಗಿಯಿತು ಅನ್ನುವಾಗ ಎಲ್ಲೋ ಕೆಳಗಿನ ಸಾಲಿನಲ್ಲಿ ಒಂದು ಕುಣಿಕೆ ಸಡಿಲವಾಗಿರುವುದು ಕಣ್ಣಿಗೆ ಬೀಳುತ್ತಿತ್ತು. "ಇರಲಿ ಬಿಡೇ, ಯಾರಿಗೆ ಕಾಣುತ್ತೆ" ಎಂದು ಅಕ್ಕ ಹೇಳುವುದರೊಳಗೆ ಕಡ್ಡಿ ಕಿತ್ತು ಸರ್ರನೆ ಅಲ್ಲಿಯವರೆಗೂ ಬಿಚ್ಚಿಬಿಡುತ್ತಿದ್ದಳು. ಮತ್ತೆ ಹೆಣೆಯುವುದು, ಮತ್ತೆ ಬಿಚ್ಚುವುದು. ಹೇಳಿದರೆ ಕೇಳುವವಳಲ್ಲ; ಅವಳು ಹಿಡಿದ ಮೊಲಕ್ಕೆ ಮೂರೇ ಕಾಲು. ಓಣಿಯವರು ಅವಳಿಗೆ 'ಬಿಚ್ಚೋ ದೇವೀರಿ' ಎಂದೇ ಹೆಸರಿಟ್ಟಿದ್ದರು. ಅವರ ಮುಂದೆ ನಕ್ಕುಬಿಡುತ್ತಿದ್ದಳು, ಮನೆಯ ಹಿಂದೆ ಹೋಗಿ ಒಬ್ಬಳೇ ಅಳುತ್ತಿದ್ದಳು.

ಚೆಲುವಿಯ ಅಂಗಾಲು ಕಲ್ಲಾದ ಬೆಳಗ್ಗೆ ಮನೆಯಲ್ಲಿ ಒಲೆ ಹತ್ತಲಿಲ್ಲ. ಹೊನ್ನಾಜಿ ಮಗುವಿನ ಕಾಲು ಹಿಡಿದು ಕೂತಿದ್ದಳು. ಇಡೀ ದಿನ ಮನೆ ತುಂಬ ಕುಪ್ಪಳಿಸುತ್ತಿದ್ದ ಮಗು ಈಗ ಕದಲದೆ ಮಲಗಿತ್ತು. ನಿದ್ದೆ ಬಾರದೆ ಕಣ್ಣು ಕೆಂಪಾಗಿದ್ದವು. ದೇವೀರಿ ಏನು ಮಾಡಲೂ ತೋಚದೆ, ಕೈಗೆ ಅಭ್ಯಾಸವಾಗಿದ್ದಂತೆ ಮೂಲೆಯ ಬುಟ್ಟಿಗೆ ಕೈ ಹಾಕಿದಳು. ಹಾಕಿದವಳು ಬೆಚ್ಚಿ ಕೈ ಹಿಂದೆಗೆದಳು.

ಬುಟ್ಟಿಯೊಳಗಿನದು ಮೆತ್ತಗಿತ್ತು.

ಅವಳ ಅರ್ಧಂಬರ್ಧ ಶಾಲು, ಇನ್ನೂ ಕೊಕ್ಕೆಕಡ್ಡಿ ಚುಚ್ಚಿಕೊಂಡೇ ಇದ್ದದ್ದು, ಬೆಕ್ಕಿನ ಮರಿಯಷ್ಟು ಮೆತ್ತಗಿತ್ತು. ಅದಕ್ಕೆ ಸೇರಿಕೊಂಡಿದ್ದ ದೊಡ್ಡ ನೂಲಿನುಂಡೆಯೂ ಮೆತ್ತಗಿತ್ತು. ಮಾಡಿ ಮುಗಿಸಿದ್ದೆಲ್ಲ ಕಲ್ಲಾಗಲಿ ಎಂದಿದ್ದ ಕಗ್ಗಲ್ಲಯ್ಯ. ಇದು ಮುಗಿದಿರಲಿಲ್ಲ. ಇಡೀ ತುಪ್ಪಳದುರ್ಗದಲ್ಲಿ ಏನನ್ನೂ ಮುಗಿಸದ ಹೆಂಗಸು ಇದ್ದದ್ದು ಒಬ್ಬಳೇ.

ಓಡಿ ಬಂದು ಶಾಲನ್ನು ಚೆಲುವಿಯ ಎದೆಗೆ ಒತ್ತಿದಳು. ಮಗು ಅದನ್ನು ಹಿಡಿದುಕೊಂಡಿತು, ಕಲ್ಲು ಮೇಲೇರುವುದು ನಿಂತಿತು. ರೆಪ್ಪೆ ಭಾರವಾಯಿತು. ಆದರೆ ಅದು ಒಂದು ಗೇಣಗಲದ ಪಟ್ಟಿ. ಅಪ್ಪಿಕೊಳ್ಳೋಣವೆಂದರೆ ಅದಕ್ಕೆ ಮೈಯಿಲ್ಲ. ಕೈ ಸಡಿಲಾದ ಕೂಡಲೇ ಜಾರಿ ಬಿತ್ತು. ಮಗು ಕಿಟಾರನೆ ಕಿರುಚಿ ಎದ್ದಿತು, ಕಲ್ಲು ಕಣಕಾಲಿಗೆ ಬಂತು.

"ಏನು ಬೇಕು ಕಂದಾ?" ಎಂದು ದೇವೀರಿ ಕೇಳಿದಳು. "ಏನು ಕೊಟ್ರೆ ಬಿಡದಂಗೆ ಹಿಡ್ಕೋತೀಯ?"

"ಮೊಲ" ಎಂದಿತು ಮಗು. "ಹೊಟ್ಟೆ ದಪ್ಪ ಇರೋ ಮೊಲ, ಚಿಕ್ಕವ್ವ."

ದೇವೀರಿ ಒಂದು ಗಳಿಗೆಯೂ ಯೋಚಿಸಲಿಲ್ಲ. ಶಾಲನ್ನು ಸರ್ರನೆ ಬಿಚ್ಚಿ ನೂಲು ಮಾಡಿದಳು; ಹೆಣಿಗೆ ಇನ್ನೂ ಮುಗಿಯದ ನೂಲು ಮೆತ್ತಗೇ ಉಳಿಯಿತು. ಕಿಟಕಿಯ ಬೆಳಕು ಬೀಳುವಲ್ಲಿ, ನಡುಮನೆಯ ಕಂಬಕ್ಕೆ ಒರಗಿ ಕೂತಳು.

"ಅಕ್ಕ, ನಾನಿನ್ನು ಮೊಲ ಆಗೋವರೆಗೂ ಏಳಲ್ಲ. ನೀನು ಹೋಗಿ ಬೇಲಿ ಮುಳ್ಳಿಗೆ ಸಿಕ್ಕೊಂಡಿರೋ ಕುರಿ ತುಪ್ಪಳ ಆಯ್ಕೊಂಡು ಬಾ. ಅದನ್ನ ಯಾರೂ ಕತ್ತರಿಸಿಲ್ಲ, ಯಾರೂ ಮಾಡಿಲ್ಲ, ಮೆತ್ತಗೇ ಇರುತ್ತೆ. ಹೊಟ್ಟೆಗೆ ತುಂಬೋಕೆ ಬೇಕು."

"ಮಾಡ್ತೀಯೇನೋ ಸರಿ" ಎಂದಳು ಹೊನ್ನಾಜಿ ಕಣ್ಣೊರೆಸಿಕೊಳ್ಳುತ್ತಾ. "ಮುಗಿಸಿದ ಕೂಡ್ಲೆ ಕಲ್ಲಾಗುತ್ತಲ್ಲೇ?"

"ಮುಗಿಸಲ್ಲ. ಕಡೇ ಕುಣಿಕೆಗೆ ಗಂಟು ಹಾಕಲ್ಲ, ಹಂಗೇ ಬಿಡ್ತೀನಿ. ಮಗು ನಿದ್ದೆ ಮಾಡಿದ್ರೆ ಸಾಕು."

ಹೊನ್ನಾಜಿ ಬುಟ್ಟಿ ಎತ್ತಿಕೊಂಡು ಬೇಲಿಸಾಲಿಗೆ ಓಡಿದಳು. ದೇವೀರಿ ನೂಲಿನ ತುದಿಯನ್ನು ಬೆರಳಿಗೆ ಸುತ್ತಿ ಪುಟ್ಟ ಬಳೆಯಂಥ ಸುತ್ತು ಮಾಡಿ, ಅದರೊಳಗೆ ಮೊದಲ ಕುಣಿಕೆ ಎಳೆದಳು. ಅದು ಮೊಲದ ಹೊಟ್ಟೆಯ ತಳ.

ಅತ್ತ ಬೋಳುಬೆಟ್ಟದ ಮೇಲೆ ಕಗ್ಗಲ್ಲಯ್ಯನ ದವಡೆ ಹಲ್ಲು ಜುಮ್ಮೆಂದಿತು. ರಾಜ್ಯದಲ್ಲಿ ಎಲ್ಲಿ ಏನು ಮೆತ್ತಗಾದರೂ ಅವನ ಹಲ್ಲಿಗೆ ಗೊತ್ತಾಗುತ್ತಿತ್ತು. "ಯಾವಳೋ ಅದು" ಎಂದು ಗುರುಗುಟ್ಟಿ, ಕಬ್ಬಿಣದ ಹಲ್ಲಿನ ಹೆಗ್ಗಣವನ್ನು ಕರೆದು ಕಳಿಸಿದ.

ಹೆಗ್ಗಣ ಗೋಡೆ ಕೊರೆದು ನಡುಮನೆಗೆ ಬಂತು. ಹಿಂಗಾಲ ಮೇಲೆ ನಿಂತು ಕೇಳಿತು:

"ಏನು ಮಾಡ್ತಿದ್ದೀ ದೇವೀರಿ?"

"ಮೊಲ ಹೆಣೀತಿದ್ದೀನಿ."

"ಬಿಟ್ಟು ಏಳು."

"ಮೊಲ ಆಗದೆ ಏಳಲ್ಲ."

ಹೆಗ್ಗಣ ಬಾಯಿ ಹಾಕಿ ಕಟಕ್ಕನೆ ನೂಲು ಕತ್ತರಿಸಿತು. ಬೇರೆ ಯಾರಾದರೂ ಆಗಿದ್ದರೆ ಎರಡು ತುದಿ ಸೇರಿಸಿ ಗಂಟು ಹಾಕುತ್ತಿದ್ದರು, ಗಂಟು ಬಿದ್ದಲ್ಲಿ ನೂಲು ಕಲ್ಲಾಗುತ್ತಿತ್ತು, ಮೊಲದ ಕತೆ ಅಲ್ಲಿಗೇ ಮುಗಿಯುತ್ತಿತ್ತು. ದೇವೀರಿ ಗಂಟು ಹಾಕಲಿಲ್ಲ. ಎರಡು ತುದಿಗಳ ಹುರಿ ಬಿಡಿಸಿದಳು, ಒಂದರ ಮೇಲೊಂದು ಇಟ್ಟಳು, ಎಂಜಲು ಹಚ್ಚಿ ಅಂಗೈಗಳ ನಡುವೆ ಬಿಸಿಯಾಗುವಷ್ಟು ಹೊಸೆದಳು. ಉಣ್ಣೆಗೆ ಉಣ್ಣೆ ಬೆಸೆದು ಒಂದೇ ನೂಲಾಯಿತು.

ಹೆಗ್ಗಣ ಮತ್ತೆ ಕತ್ತರಿಸಿತು. ದೇವೀರಿ ಮತ್ತೆ ಹೊಸೆದಳು. ಅದು ಕತ್ತರಿಸಿತು, ಇವಳು ಹೊಸೆದಳು. ಅಂಗೈ ಕೆಂಪಾಗಿ ಚರ್ಮ ಸುಲಿಯಿತು, ಬಾಯಿ ಒಣಗಿ ಎಂಜಲಿಗೂ ಬರ ಬಂತು. ಆದರೂ ಅವಳು ತಲೆ ಎತ್ತಲಿಲ್ಲ. ಕತ್ತರಿಸಿದಷ್ಟೂ ಹೆಗ್ಗಣದ ಹಲ್ಲಿನ ಸಂದಿಗೆ ಉಣ್ಣೆ ಎಳೆ ಸಿಕ್ಕಿಕೊಳ್ಳುತ್ತಾ ಹೋಯಿತು. ಹಲ್ಲಿನ ಸಂದಿಗೆ ಒಂದು ಕಡ್ಡಿ ಸಿಕ್ಕಿಕೊಂಡರೇ ನಮಗೆ ಊಟ ಸೇರುವುದಿಲ್ಲ. ಅದಕ್ಕೆ ಅರ್ಧ ಕುರಿಯಷ್ಟು ಉಣ್ಣೆ ಸಿಕ್ಕಿತ್ತು. ಕೊನೆಗೆ ಬಾಯಿ ಮುಚ್ಚಲಾರದೆ, ತೆರೆಯಲಾರದೆ, ಬಂದ ಬಿಲದಲ್ಲೇ ಓಡಿಹೋಯಿತು.

ಅಷ್ಟರಲ್ಲಿ ಹೊನ್ನಾಜಿ ತುಪ್ಪಳ ಆಯ್ದುಕೊಂಡು ಬಂದಳು. ಅವಳ ಕೈ ತುಂಬ ಮುಳ್ಳು ಗೀರಿದ ಗಾಯ. ಮಗುವಿನ ಮೊಣಕಾಲು ಮುಟ್ಟಿ ನೋಡಿ, "ಇಲ್ಲೀವರೆಗೂ ಬಂತು ಕಣೆ" ಎಂದಳು. ದೇವೀರಿ ಇನ್ನಷ್ಟು ಬಿರುಸಾಗಿ ಕಡ್ಡಿ ಆಡಿಸಿದಳು.

ಬೆಟ್ಟದ ಮೇಲೆ ಕಗ್ಗಲ್ಲಯ್ಯನ ಎರಡನೆಯ ಹಲ್ಲೂ ಜುಮ್ಮೆಂದಿತು. ಅವನು ಕಂಚಿನ ಕೊಕ್ಕಿನ ಗೊರವಂಕವನ್ನು ಕಳಿಸಿದ.

ಗೊರವಂಕ ಹಾರಿ ಬಂದು ಕಿಟಕಿಯ ಮೇಲೆ ಕೂತಿತು.

"ಏನು ಮಾಡ್ತಿದ್ದೀ ದೇವೀರಿ?"

"ಮೊಲ ಹೆಣೀತಿದ್ದೀನಿ."

"ಬಿಟ್ಟು ಏಳು."

"ಮೊಲ ಆಗದೆ ಏಳಲ್ಲ."

ಗೊರವಂಕ ಕಚ್ಚಲಿಲ್ಲ, ಕುಕ್ಕಲಿಲ್ಲ. ಸುಮ್ಮನೆ ಎಣಿಸತೊಡಗಿತು. "ಏಳು, ಹದಿಮೂರು, ನಾಲ್ಕು, ಇಪ್ಪತ್ತು, ಒಂಬತ್ತು..." ಹೆಣಿಗೆಯವರಿಗೆ ಇದಕ್ಕಿಂತ ದೊಡ್ಡ ಶತ್ರುವಿಲ್ಲ. ಮೊಲದ ಹೊಟ್ಟೆ ಉಬ್ಬಬೇಕಾದರೆ ಪ್ರತಿ ಸುತ್ತಿನಲ್ಲೂ ಕುಣಿಕೆ ಹೆಚ್ಚಿಸಬೇಕು, ಕತ್ತು ಸಣ್ಣದಾಗಬೇಕಾದರೆ ಇಳಿಸಬೇಕು. ಎಣಿಕೆ ತಪ್ಪಿದರೆ ಮೊಲ ಕುಂಬಳಕಾಯಿಯಾಗುತ್ತದೆ. ದೇವೀರಿ ಮನಸ್ಸಿನಲ್ಲಿ ಐದು ಎಂದರೆ ಹಕ್ಕಿ ಹದಿನೆಂಟು ಎನ್ನುತ್ತಿತ್ತು, ಅವಳ ಐದೂ ಹೋಗುತ್ತಿತ್ತು, ಹದಿನೆಂಟೂ ಉಳಿಯುತ್ತಿರಲಿಲ್ಲ. ಎಣಿಕೆ ತಪ್ಪಿತು, ಹೊಟ್ಟೆ ಒಂದು ಕಡೆ ಸೊಟ್ಟಗಾಯಿತು. ಬಿಚ್ಚಿದಳು. ಮತ್ತೆ ಹೆಣೆದಳು, ಮತ್ತೆ ತಪ್ಪಿತು. ಬಿಚ್ಚಿದಳು. ಕಿವಿಗೆ ತುಪ್ಪಳ ತುರುಕಿಕೊಂಡಳು. ಕಂಚಿನ ದನಿ ತುಪ್ಪಳಕ್ಕೆ ಜಗ್ಗುವುದೇ? ಒಂದು ಸಲ ಅವಳಿಗೆ ಎಷ್ಟು ಸಿಟ್ಟು ಬಂತೆಂದರೆ ಕಡ್ಡಿಯನ್ನೇ ಎಸೆಯಲು ಕೈ ಎತ್ತಿದಳು. ಎತ್ತಿದ ಕೈ ಹಾಗೇ ಇಳಿಸಿದಳು. ಎಸೆದರೆ ತರಲು ಏಳಬೇಕಾಗುತ್ತಿತ್ತು.

ಆಗ ಚೆಲುವಿ ಕೇಳಿತು, "ಚಿಕ್ಕವ್ವ, ಮೊಲಕ್ಕೆ ಅವ್ವ ಅಪ್ಪ ಇದಾರಾ?"

ದೇವೀರಿಯ ಕೈ ನಿಂತಿತು. ಮುಖದಲ್ಲಿ ಆ ದಿನದ ಮೊದಲ ನಗು ಮೂಡಿತು.

"ಇದಾರೆ ಕಂದಾ. ಇರು, ಎಲ್ಲರನ್ನೂ ಕರೀತೀನಿ."

ಅಂಕಿ ಬಿಟ್ಟು ನೆಂಟರನ್ನು ಕರೆಯತೊಡಗಿದಳು. "ಅಜ್ಜ ಬಂದ, ಅಜ್ಜಿ ಬಂದಳು, ಅಪ್ಪ ಬಂದ, ಅವ್ವ ಬಂದಳು, ದೊಡ್ಡಮ್ಮ ಬಂದಳು, ಸೋದರಮಾವ ಬಂದ" ಎಂದು ಒಬ್ಬೊಬ್ಬರಿಗೆ ಒಂದೊಂದು ಕುಣಿಕೆ. ಸುತ್ತು ಹೆಚ್ಚಿಸಬೇಕಾದಲ್ಲಿ ಮನೆಗೆ ಸೊಸೆ ತಂದಳು, ಸೊಸೆಗೆ ಕೂಸು ಹುಟ್ಟಿಸಿದಳು. ಮನೆ ತುಂಬಿತು, ಮೊಲದ ಹೊಟ್ಟೆಯೂ ತುಂಬಿತು. ಕತ್ತಿಗೆ ಬಂದಾಗ ಒಬ್ಬೊಬ್ಬಳೇ ಹೆಣ್ಣುಮಗಳನ್ನು ಮದುವೆ ಮಾಡಿ ಗಂಡನ ಮನೆಗೆ ಕಳಿಸಿದಳು. ಮನೆ ಸಣ್ಣದಾಯಿತು, ಕತ್ತೂ ಸಣ್ಣದಾಯಿತು. ಅಂಕಿ ತಪ್ಪಿಸಬಹುದು, ನೆಂಟರನ್ನು ಮರೆತರೆ ಅವರು ಬಿಡುತ್ತಾರೆಯೇ?

ಗೊರವಂಕ ಇನ್ನಷ್ಟು ಜೋರಾಗಿ ಎಣಿಸಿತು. ಆಮೇಲೆ ಅದರ ಕಿವಿ ಈ ಮದುವೆ ಮನೆಯ ಕಡೆ ತಿರುಗಿತು. ಆಮೇಲೆ, "ದೊಡ್ಡಮ್ಮನ ಎರಡನೇ ಮಗಳನ್ನ ಯಾರಿಗೆ ಕೊಟ್ಟಿದ್ದು?" ಎಂದು ಕೇಳಿಬಿಟ್ಟಿತು. ತಾನು ಎಣಿಸುತ್ತಿದ್ದುದು ಎಲ್ಲಿಗೆ ನಿಂತಿತ್ತೆಂಬುದು ಅದಕ್ಕೇ ಮರೆತುಹೋಗಿತ್ತು. ನಾಚಿಕೆಯಾಗಿ ರೆಕ್ಕೆ ಬಡಿದು ಹೋಯಿತು.

ತಲೆ ಆಯಿತು. ಹೊನ್ನಾಜಿ ತುಪ್ಪಳ ಬಿಡಿಸಿ ಬಿಡಿಸಿ ಕೊಟ್ಟಂತೆ ದೇವೀರಿ ಒಳಗೆ ತುಂಬಿದಳು. ಕಾಲುಗಳಾದವು, ಬಾಲವಾಯಿತು, ಎಲ್ಲವೂ ನೂಲು ಕತ್ತರಿಸದೆ, ಒಂದರಿಂದ ಇನ್ನೊಂದಕ್ಕೆ ದಾಟುತ್ತಾ. ಕೊನೆಗೆ ಕಿವಿ. ಎರಡನೆಯ ಕಿವಿಯ ತುದಿಯಲ್ಲಿ ಒಂದೇ ಒಂದು ಕುಣಿಕೆ ಉಳಿಯಿತು. ಅಷ್ಟು ಹೊತ್ತಿಗೆ ಚೆಲುವಿಯ ಸೊಂಟದವರೆಗೂ ಕಲ್ಲಾಗಿತ್ತು.

ಆಗ ಬಾಗಿಲಲ್ಲಿ ಒಬ್ಬ ಮುದುಕಿ ನಿಂತಳು. ಬಿಳಿ ಕೂದಲು, ಕೈಯಲ್ಲಿ ಕೋಲು, ಬಾಯಿ ತುಂಬ ನಗು.

"ಏನು ಮಾಡ್ತಿದ್ದೀ ದೇವೀರಿ?"

"ಮೊಲ ಹೆಣೀತಿದ್ದೀನಿ ಅಜ್ಜಿ."

"ಬಿಟ್ಟು ಏಳು ಅನ್ನಲ್ಲ ನಾನು. ಆಯ್ತಲ್ಲ ನನ್ನವ್ವ, ಎಷ್ಟು ಮುದ್ದಾಗಿದೆ. ಒಂದು ಗಂಟು ಹಾಕಿಬಿಡು."

ಮುದುಕಿ ಒಳಗೆ ಬಂದು ಪಕ್ಕದಲ್ಲೇ ಕೂತಳು.

"ಗಂಟು ಹಾಕದ ಹೆಣಿಗೆ ಅಂದ್ರೆ ಬಾಗಿಲಿಲ್ಲದ ಮನೆ. ಮಗು ಕೈಗೆ ಕೊಡೋ ಸಾಮಾನು, ಒಂದು ಎಳೆ ಜಗ್ಗಿದ್ರೆ ಎಲ್ಲಾ ಹೋಗುತ್ತೆ. ಓಣಿಯವರು ಏನಂತಾರೆ ಗೊತ್ತಾ? ಬಿಚ್ಚೋ ದೇವೀರಿ ಕಡೇಗೂ ಮುಗಿಸಲಿಲ್ಲ, ಮಗು ಸಾಯ್ತಾ ಇದ್ರೂ ಮುಗಿಸಲಿಲ್ಲ ಅಂತಾರೆ. ಆ ಹೆಸರು ಅಳಿಸಿಕೊಳ್ಳಬೇಡ್ವಾ?"

ಹೆಗ್ಗಣದ ಹಲ್ಲು ನೋಯಿಸಿರಲಿಲ್ಲ, ಈ ಮಾತು ನೋಯಿಸಿತು. ಒಂದು ಗಂಟು. ಹಾಕಿದರೆ ಜನ್ಮದಲ್ಲಿ ಮೊದಲ ಬಾರಿಗೆ ಏನನ್ನಾದರೂ ಮುಗಿಸಿದಂತಾಗುತ್ತಿತ್ತು. ಅವಳ ಬೆರಳು ತಾನಾಗಿ ನೂಲನ್ನು ಕುಣಿಕೆಯ ಕಡೆ ತಂದಿತು.

ಅಷ್ಟರಲ್ಲಿ ಚೆಲುವಿ ಎರಡೂ ಕೈ ಚಾಚಿತು. ಸೊಂಟದ ಕೆಳಗೆಲ್ಲ ಕಲ್ಲಾದ ಮಗುವಿಗೆ ಚಾಚಲು ಉಳಿದದ್ದು ಆ ಎರಡು ಕೈ ಮಾತ್ರ.

"ಯಾರು ಏನಾದ್ರೂ ಅನ್ಲಿ ಅಜ್ಜಿ" ಎಂದಳು ದೇವೀರಿ. "ನಂಗೆ ಹೆಸರು ಬೇಡ, ಮಗು ಬೇಕು." ಕಡ್ಡಿ ತೆಗೆದು, ಕುಣಿಕೆಯನ್ನು ಹಾಗೇ ಬಿಟ್ಟು, ಮೊಲವನ್ನು ಚೆಲುವಿಯ ತೋಳಿಗೆ ಕೊಟ್ಟಳು.

ಚೆಲುವಿ ಮೊಲವನ್ನು ಅಪ್ಪಿಕೊಂಡು ಅದರ ಹೊಟ್ಟೆಗೆ ಮುಖ ಒತ್ತಿತು. ಕಲ್ಲು ಮೇಲೇರುವುದು ನಿಂತಿತು. ಒಂದು ಆಕಳಿಕೆ ಬಂತು. ಎಷ್ಟೋ ದಿನದಿಂದ ಮುಚ್ಚದಿದ್ದ ರೆಪ್ಪೆಗಳು ಮುಚ್ಚತೊಡಗಿದವು.

ಮುದುಕಿಯ ನಗು ಹೋಯಿತು, ಬಿಳಿ ಕೂದಲು ಹೋಯಿತು, ಕೋಲು ಹೋಯಿತು. ಅಲ್ಲಿ, ಕಂಬದ ಪಕ್ಕದಲ್ಲಿ, ಕಗ್ಗಲ್ಲಯ್ಯ ನಿಂತಿದ್ದ. ನೂಲಿಗೆ ಕೈ ಹಾಕಿ ಜಗ್ಗಿದ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಕಿವಿ ಬಿಚ್ಚಿತು, ಇನ್ನೊಂದು ಕಿವಿ ಬಿಚ್ಚಿತು, ಕಾಲು ಬಿಚ್ಚಿತು. ಚೆಲುವಿಯ ತೋಳಿನೊಳಗೆ ಮೊಲ ಕರಗುತ್ತಾ ಹೋಯಿತು, ತುಪ್ಪಳ ಹಾಸಿಗೆಯ ಮೇಲೆ ಚೆಲ್ಲಿತು. ಮಗು ಕಣ್ಣು ಬಿಟ್ಟು ಅಳತೊಡಗಿತು, ಕಲ್ಲು ಮತ್ತೆ ಏರತೊಡಗಿತು.

"ಹಿಡ್ಕೊಳ್ಳೇ, ಅವನ ಕೈಯಿಂದ ಕಿತ್ಕೊಳ್ಳೇ" ಎಂದು ಹೊನ್ನಾಜಿ ಅತ್ತಳು.

ದೇವೀರಿ ಕಿತ್ತುಕೊಳ್ಳಲಿಲ್ಲ. ಕಷ್ಟಪಟ್ಟು ಹೆಣೆದದ್ದು ಕಣ್ಣೆದುರಿಗೇ ಬಿಚ್ಚಿಹೋಗುವುದನ್ನು ಕಂಡರೆ ಬೇರೆಯವರಿಗೆ ಎದೆ ಒಡೆಯುತ್ತದೆ. ಅವಳಿಗೆ ಅದು ದಿನನಿತ್ಯದ ಮಾತು. ಬಿಚ್ಚಿದ ನೂಲು ಹಾಳಾದ ನೂಲಲ್ಲ ಎಂದು ತುಪ್ಪಳದುರ್ಗದಲ್ಲಿ ಅವಳಷ್ಟು ಚೆನ್ನಾಗಿ ಬಲ್ಲವರಿರಲಿಲ್ಲ. ಕೊಕ್ಕೆಕಡ್ಡಿ ಎತ್ತಿಕೊಂಡಳು. ಮಾಂತ್ರಿಕ ಎರಡೂ ಕೈಯಿಂದ ಸರಸರನೆ ಜಗ್ಗುತ್ತಿದ್ದ, ನೂಲು ಅವನ ಮುಂಗೈ ಮೇಲೆ ರಾಶಿ ಬೀಳುತ್ತಿತ್ತು. ದೇವೀರಿ ಆ ನೂಲಿಗೆ ಕೊಕ್ಕೆ ಹಾಕಿ, ಅವನ ಮುಂಗೈ ಸುತ್ತಲೇ ಹೆಣೆಯತೊಡಗಿದಳು.

ಅವನು ಬಿಚ್ಚುತ್ತಾ ಹೋದ, ಇವಳು ಹೆಣೆಯುತ್ತಾ ಹೋದಳು. ಮೊಲದ ತಲೆ ಅವನ ಮುಂಗೈಗೆ ಬಂತು. ಮೊಲದ ಹೊಟ್ಟೆ ಅವನ ಎರಡೂ ಕೈಗಳನ್ನು ಸೇರಿಸಿ ನಡುಮನೆಯ ಕಂಬಕ್ಕೆ ಸುತ್ತಿಕೊಂಡಿತು. ಕಗ್ಗಲ್ಲಯ್ಯನ ಕಣ್ಣು ಮಾತ್ರ ಕರಗುವ ಮೊಲದ ಮೇಲೆ. ಕೆಡಿಸುವವನಿಗೆ ತನ್ನ ಕೈ ಎಲ್ಲಿದೆ ಎಂಬ ಪರಿವೆ ಇರುವುದಿಲ್ಲ. ಕೊನೆಯ ಕುಣಿಕೆಯೂ ಬಿಚ್ಚಿಬಂದಾಗ ಅವನು ಗೆದ್ದೆನೆಂದು ನಕ್ಕು ಹೊರಡಲು ಕಾಲೆತ್ತಿದ. ಕೈ ಬರಲಿಲ್ಲ.

ದೇವೀರಿ ನೂಲಿನ ತುದಿ ಹಿಡಿದು, ಅವನ ಮುಖ ನೋಡುತ್ತಾ, ಗಂಟು ಹಾಕಿದಳು.

ಹೆಣಿಗೆ ಮುಗಿಯಿತು. ಮುಗಿದದ್ದು ಕಲ್ಲಾಯಿತು. ಮಾಡಿದ್ದುಣ್ಣೋ ಮಹರಾಯ ಎಂಬಂತೆ ಕಗ್ಗಲ್ಲಯ್ಯನ ಎರಡು ಕೈಗಳೂ ಅವನದೇ ಶಾಪದ ಕಲ್ಲಿನೊಳಗೆ, ಕಂಬದ ಸಮೇತ ಸಿಕ್ಕಿಕೊಂಡವು. ಕೈಯಾಡಿಸದೆ ಅವನ ಒಂದು ಮಂತ್ರವೂ ನಡೆಯುತ್ತಿರಲಿಲ್ಲ.

"ಬಿಡು ನನ್ನ" ಎಂದು ಅಬ್ಬರಿಸಿದ.

"ಶಾಪ ಹಿಂದಕ್ಕೆ ತಗೋ, ಬಿಡ್ತೀನಿ."

"ತಗೊಳ್ಳಲ್ಲ. ಕಲ್ಲು ಅಂದ್ರೆ ನನಗೆ ಪ್ರಾಣ. ನೂರು ವರ್ಷ ಹಿಂಗೇ ನಿಲ್ತೀನಿ. ನಿನ್ನ ಮಗು ನಿಲ್ಲುತ್ತೇನು?"

ಅವನು ಹೇಳಿದ್ದು ನಿಜವಾಗಿತ್ತು. ಕಲ್ಲು ಚೆಲುವಿಯ ಎದೆಗೆ ಬಂದಿತ್ತು, ಮಗು ಅಳಲೂ ಶಕ್ತಿಯಿಲ್ಲದೆ ಏದುಸಿರು ಬಿಡುತ್ತಿತ್ತು. ಮನೆಯಲ್ಲಿ ಇನ್ನು ಒಂದು ಗೇಣೂ ನೂಲಿರಲಿಲ್ಲ. ದೇವೀರಿ ಹಾಸಿಗೆಯ ಮೇಲೆ ಚೆಲ್ಲಿದ್ದ ತುಪ್ಪಳದಲ್ಲಿ ಒಂದು ಚಿಟಿಕೆ ತೆಗೆದುಕೊಂಡಳು. ಅಂಗೈ ಮೇಲಿಟ್ಟು ಮಾಂತ್ರಿಕನ ಮುಖದ ಕಡೆ ಉಫ್ ಎಂದು ಊದಿದಳು. ತುಪ್ಪಳ ಹಾರಿ ಹೋಗಿ ಅವನ ಮೂಗಿನ ತುದಿಯಲ್ಲಿ, ಒಂದೆರಡು ಎಳೆ ಮೂಗಿನ ಹೊಳ್ಳೆಯಲ್ಲಿ ಕೂತಿತು.

ಕಗ್ಗಲ್ಲಯ್ಯನ ಮೂಗು ತುರಿಸಿತು.

ಮೊದಲು ಮೂಗನ್ನು ಆ ಕಡೆ ಈ ಕಡೆ ಆಡಿಸಿದ. ಆಮೇಲೆ ಭುಜಕ್ಕೆ ಉಜ್ಜಲು ನೋಡಿದ, ಭುಜ ನಿಲುಕಲಿಲ್ಲ. ಕಂಬಕ್ಕೆ ಉಜ್ಜಲು ನೋಡಿದ, ಕೈ ಸುತ್ತಿದ ಕಲ್ಲು ಅಡ್ಡವಾಗಿ ಕಂಬ ನಿಲುಕಲಿಲ್ಲ. ನೂರು ವರ್ಷ ಕಲ್ಲಿನ ಮೇಲೆ ಕೂರಬಲ್ಲವನು ಮೂಗಿನ ಮೇಲೆ ಕೂತ ಒಂದು ಎಳೆ ತುಪ್ಪಳವನ್ನು ತಡೆಯಲಾರದೆ ಹೋದ. ಕಣ್ಣಲ್ಲಿ ನೀರು ಬಂತು.

"ತುರಿಸಮ್ಮಾ, ಒಂದ್ಸಲ ತುರಿಸು."

"ಶಾಪ."

"ಆಮೇಲೆ ಮಾತಾಡೋಣ, ಮೊದಲು ತುರಿಸು."

"ಶಾಪ" ಎಂದಳು ದೇವೀರಿ. ಬೇರೆ ಮಾತೇ ಬರದವಳಂತೆ ಅದೊಂದನ್ನೇ ಹೇಳಿದಳು. ಕಲ್ಲು ಚೆಲುವಿಯ ಕೊರಳ ಬುಡ ಮುಟ್ಟಿತು. ದೇವೀರಿ ಒಂದು ಕೈಯಿಂದ ಮಗುವಿನ ತಲೆ ಹಿಡಿದುಕೊಂಡಳು, ಕಣ್ಣು ಮಾತ್ರ ಕಗ್ಗಲ್ಲಯ್ಯನಿಂದ ಕೀಳಲಿಲ್ಲ.

"ಆಯ್ತು ಕಣಮ್ಮಾ, ಹಿಂದಕ್ಕೆ ತಗೊಂಡೆ, ಎಲ್ಲಾ ಹಿಂದಕ್ಕೆ ತಗೊಂಡೆ" ಎಂದು ಅರಚಿ, ಇಡೀ ಓಣಿ ನಡುಗುವಂತೆ ಸೀನಿದ.

ಆ ಸೀನಿನೊಂದಿಗೆ ಅವನ ಮಂತ್ರವೂ ಹೋಯಿತು, ಮಾಯೆಯೂ ಹೋಯಿತು. ತುಪ್ಪಳದುರ್ಗದಲ್ಲಿ ದಿಂಬು ದಿಂಬಾಯಿತು, ಕಂಬಳಿ ಕಂಬಳಿಯಾಯಿತು. ಅರಸ ತನ್ನ ಗಾದಿಯೊಳಕ್ಕೆ ಕುಸಿದು ಕೂತು ಅತ್ತನಂತೆ. ಮನೆಮನೆಯಲ್ಲಿ ಮಕ್ಕಳು ಕಾಲು ಮಡಚಿದರು. ಚೆಲುವಿಯ ಕೊರಳು ಬೆಚ್ಚಗಾಯಿತು, ಎದೆ ಬೆಚ್ಚಗಾಯಿತು, ಕಾಲಿನ ಹೆಬ್ಬೆರಳು ಅಲುಗಿತು. ಹೊನ್ನಾಜಿ ಆ ಹೆಬ್ಬೆರಳನ್ನು ಕಣ್ಣಿಗೊತ್ತಿಕೊಂಡಳು. ದೇವೀರಿ ಗೋಡೆಗೆ ಮುಖ ಮಾಡಿ ಜೋರಾಗಿ ಅತ್ತಳು, ಈ ಸಲ ಯಾರಿಗೂ ಬಚ್ಚಿಡಲಿಲ್ಲ.

"ಚಿಕ್ಕವ್ವ, ಮೊಲ ಎಲ್ಲಿ?" ಎಂದಿತು ಚೆಲುವಿ.

ಮೊಲ ಕಗ್ಗಲ್ಲಯ್ಯನ ಕೈ ಸುತ್ತ ಇತ್ತು. ಕಲ್ಲಾಗಿದ್ದದ್ದು ಈಗ ಮೆತ್ತಗೆ ಉಣ್ಣೆಯಾಗಿತ್ತು. ಮಾಯೆ ಕಳೆದ ಮೇಲೆ ಅವನು ಹಿಮ್ಮಡಿ ಒಡೆದ ಒಬ್ಬ ಸಾದಾ ಮುದುಕ, ಅಷ್ಟೇ. ದೇವೀರಿ ಕೊಟ್ಟ ಮಾತಿನಂತೆ ಗಂಟು ಬಿಡಿಸಿದಳು, ಮೊದಲು ಅವನ ಮೂಗನ್ನು ತಾನೇ ತುರಿಸಿದಳು.

"ಕೈ ಇಳಿಸಬೇಡ ತಾತ" ಎಂದಳು ಆಮೇಲೆ. "ಹಂಗೇ ಚಾಚಿ ಹಿಡ್ಕೊ. ಬಿಚ್ಚಿದ್ದು ನೀನು, ನೂಲಿನ ಲಡಿ ಹಿಡಿಯೋನೂ ನೀನೇ."

ಕಗ್ಗಲ್ಲಯ್ಯ ಎರಡು ಕೈ ಚಾಚಿ ಕೂತ. ಅವನ ಕೈಗಳ ನಡುವಿನಿಂದ ನೂಲು ಬಂತು, ದೇವೀರಿಯ ಕಡ್ಡಿ ಆಡಿತು. ಅಜ್ಜ ಬಂದ, ಅಜ್ಜಿ ಬಂದಳು, ಸೊಸೆ ಬಂದಳು, ಕೂಸು ಬಂತು. ಓಣಿಯವರೆಲ್ಲ ಬಾಗಿಲಲ್ಲಿ, ಕಿಟಕಿಯಲ್ಲಿ ನಿಂತು ನೋಡಿದರು. ಯಾರೂ ನಗಲಿಲ್ಲ. ಕಿವಿಯ ತುದಿಯ ಕೊನೆಯ ಕುಣಿಕೆ ಬಂದಾಗ ಎಲ್ಲರೂ ಕತ್ತು ಚಾಚಿದರು. ದೇವೀರಿ ನೂಲು ಎಳೆದು ಗಂಟು ಹಾಕಿ, ಹೆದರುತ್ತಾ ಮೊಲದ ಹೊಟ್ಟೆ ಮುಟ್ಟಿದಳು. ಮೆತ್ತಗಿತ್ತು.

ಚೆಲುವಿ ಅದನ್ನು ಕಿತ್ತುಕೊಂಡು ಅಪ್ಪಿಕೊಂಡಿತು, ಚಿಕ್ಕವ್ವನ ತೊಡೆಯ ಮೇಲೆ ಮಲಗಿತು, ಮಲಗಿದ್ದೇ ತಡ ನಿದ್ದೆ ಹೋಯಿತು.

ಆಗ ದೇವೀರಿಯ ಕಣ್ಣಿಗೆ ಬಿತ್ತು. ಎಡಗಿವಿಯ ಬುಡದಲ್ಲಿ ಒಂದು ಕುಣಿಕೆ ಸಡಿಲವಾಗಿತ್ತು, ಕಿವಿ ಕೊಂಚ ವಾಲಿತ್ತು. ಅವಳ ಬೆರಳು ತುರಿಸಿತು. ಮೆಲ್ಲಗೆ ಆ ಕಿವಿಯನ್ನು ಹಿಡಿಯಲು ಹೋದಳು. ಕಿವಿ ಚೆಲುವಿಯ ಮುಷ್ಟಿಯೊಳಗಿತ್ತು, ಎಳೆದರೂ ಬರುವಂತಿರಲಿಲ್ಲ. ದೇವೀರಿ ಎಳೆಯಲಿಲ್ಲ. ಅಲುಗಿದರೆ ಮಗು ಎದ್ದೀತೆಂದು ಕಾಲು ಜೋಮು ಹಿಡಿದರೂ ಹಾಗೇ ಕೂತಳು.

ಅರಸ ದೇವೀರಿಯನ್ನು ಕರೆಸಿ ಮರ್ಯಾದೆ ಮಾಡಿದ. ಕಗ್ಗಲ್ಲಯ್ಯ ಅದೇ ಓಣಿಯಲ್ಲಿ ಉಣ್ಣೆ ಬಿಡಿಸುವ ಕೆಲಸಕ್ಕೆ ನಿಂತ, ಎಳೆ ಬಿಡಿಸುತ್ತಾ ದಿನಕ್ಕೊಂದು ಸಲವಾದರೂ ಸೀನುತ್ತಿದ್ದ. ಚೆಲುವಿ ದೊಡ್ಡವಳಾಗಿ, ಮದುವೆಯಾಗಿ, ಆ ಮೊಲವನ್ನು ಎತ್ತಿಕೊಂಡೇ ಗಂಡನ ಮನೆಗೆ ಹೋದಳು. ಆ ರಾಜ್ಯದಲ್ಲಿ ಎಲ್ಲರೂ ಮೆತ್ತಗೆ ಉಂಡರು, ಮೆತ್ತಗೆ ಮಲಗಿದರು, ಮಳೆ ಬೆಳೆ ಕುರಿ ಕೂಸು ಎಲ್ಲ ಸುಖವಾಗಿದ್ದವು. ಕೇಳಿದ ನೀವೂ ಹಾಗೇ ಇರಿ.